ಬರೆದರೆ ಒಂದೇ, ಕರೆದರೆ ಬೇರೆ

ಮನೆಗೆ ಹೊಸಬರು ಯಾರಾದರೂ ಬಂದು ‘ನಮ್ಮದು ಹೊಸಹಳ್ಳಿ’ ಎಂದರೆ ನಮ್ಮ ಅಜ್ಜಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ‘ಯಾವ ಹೊಸಹಳ್ಳಿಯಪ್ಪಾ?’ ಎಂದು ಕೇಳುತ್ತಿದ್ದಳು. ತಾಲ್ಲೂಕು ಹೇಳಿದರೂ ಅವಳಿಗೆ ಸಾಲದು. ಊರ ಮುಂದಿನ ದೇವರು ಯಾವುದು, ಸಂತೆಗೆ ಎಲ್ಲಿಗೆ ಹೋಗುತ್ತೀರಿ, ಕೆರೆ ಊರಿನ ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂದು ಒಂದೊಂದಾಗಿ ವಿಚಾರಿಸಿ, ಕೊನೆಗೆ ‘ಓ, ಆ ಹೊಸಹಳ್ಳಿಯೋ’ ಎಂದ ಮೇಲೆಯೇ ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದಳು. ಅವಳ ಲೆಕ್ಕದಲ್ಲಿ ನಾಲ್ಕೈದು ಹೊಸಹಳ್ಳಿಗಳಿದ್ದವು. ಕರ್ನಾಟಕದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿವೆ. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯಲ್ಲಿ, ಮತ್ತೂರಿಗೆ ಎದುರಾಗಿರುವ ಗಮಕದ ಹೊಸಹಳ್ಳಿಗೆ ಹೆಸರಿದೆ. ಉಳಿದವು ತಂತಮ್ಮ ತಾಲ್ಲೂಕಿನ ಆಸರೆಯಲ್ಲಿ ಗುರುತು ಉಳಿಸಿಕೊಂಡಿವೆ. ಲಗ್ನಪತ್ರಿಕೆಯಲ್ಲಿ ಊರಿನ ಹೆಸರಿನ ಪಕ್ಕ ‘ತಾ’, ‘ಜಿ’ ಎಂಬ ಚಿಕ್ಕ ಅಕ್ಷರಗಳು ಬೀಳುವುದು ಇದಕ್ಕೇ. 2014ರಲ್ಲಿ ಬಿಜಾಪುರ ವಿಜಯಪುರವಾದಾಗ ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರಿಗೂ ಈ ಚಿಕ್ಕ ಅಕ್ಷರಗಳ ಅಗತ್ಯ ದೊಡ್ಡದಾಯಿತು.

ಒಂದು ರಾಜ್ಯದೊಳಗೆ ಹೀಗೆ. ನಡುವೆ ಸಮುದ್ರವೇ ಇರುವ ಎರಡು ಊರುಗಳಿಗೆ ಒಂದೇ ಹೆಸರು ಬಂದರೆ? ಆ ಹೆಸರು ಅಲ್ಲಿಗೆ ಹೋದದ್ದಾದರೂ ಹೇಗೆ, ಕೊಂಡೊಯ್ದವರು ಯಾರು? ಭೂಪಟ ಬಿಡಿಸಿಕೊಂಡು ಇಂಥ ಜೋಡಿಗಳನ್ನು ಹುಡುಕುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಅದರಲ್ಲಿ ಒಂದು ಸಂಗತಿ ತಡವಾಗಿ ಹೊಳೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಆಗಿ ಕಾಣುವ ಈ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಹೊರಟರೆ ಕೈ ನಿಲ್ಲುತ್ತದೆ. ನಮ್ಮ ಲಿಪಿಯಲ್ಲಿ ಬಾಯಿ ಹೇಳಿದ್ದನ್ನು ಕೈ ಬರೆಯಬೇಕು. ಹಾಗಾಗಿ ಕನ್ನಡದಲ್ಲಿ ಬರೆಯುವವನು ಮೊದಲು ಆ ಊರಿನವರು ತಮ್ಮ ಊರನ್ನು ಹೇಗೆ ಕರೆಯುತ್ತಾರೆ ಎಂದು ಕೇಳಿಕೊಳ್ಳಲೇಬೇಕು. ಕೇಳಿದಾಗ ಕಥೆ ಶುರುವಾಗುತ್ತದೆ.

ನ್ಯೂಯಾರ್ಕ್ ಎಂದರೆ ನಮಗೆ ಮಹಾನಗರವೊಂದೇ ನೆನಪಾಗುತ್ತದೆ. ಅದೇ ಹೆಸರಿನ ರಾಜ್ಯದ ಒಳನಾಡಿನಲ್ಲಿ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ, ಡೆಲವೇರ್ ನದಿಯ ಪಶ್ಚಿಮ ಕವಲಿನ ದಂಡೆಯ ಮೇಲೆ ಒಂದು ಸಣ್ಣ ಊರಿದೆ. ಕೆಲವೇ ಸಾವಿರ ಜನ, ಒಂದು ಕಾಲೇಜು, ಸುತ್ತ ಗುಡ್ಡ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಪುಟ್ಟ ಜಿಲ್ಲಾ ಕೇಂದ್ರ. ನಮ್ಮ ದೇಶದ ರಾಜಧಾನಿಯನ್ನು ಇಂಗ್ಲಿಷಿನಲ್ಲಿ ಯಾವ ಐದು ಅಕ್ಷರಗಳಲ್ಲಿ ಬರೆಯುತ್ತೇವೋ ಅದೇ ಐದು ಅಕ್ಷರ ಆ ಊರಿನ ಫಲಕದ ಮೇಲೂ ಇದೆ. ಆದರೆ ಅಲ್ಲಿ ಹೋಗಿ ‘ದೆಹಲಿ’ ಎಂದರೆ ಯಾರಿಗೂ ತಿಳಿಯದು. ಅವರ ಬಾಯಲ್ಲಿ ಅದು ‘ಡೆಲ್‌ಹೈ’.

ಹೆಸರು ಅಲ್ಲಿಗೆ ಹೋದದ್ದು ಒಬ್ಬ ಮನುಷ್ಯನ ಅಡ್ಡಹೆಸರಿನ ಬೆನ್ನೇರಿ. ಎಬನೀಜರ್ ಫೂಟ್ ಎಂಬವನು ಆ ಸೀಮೆಯ ಪ್ರಭಾವಿ. ಅವನ ಠೀವಿ, ದರ್ಬಾರು ನೋಡಿದ ಜನ ಅವನನ್ನು ‘ಮಹಾ ಮೊಗಲ’ ಎಂದು ಕರೆಯುತ್ತಿದ್ದರು. 1798ರಲ್ಲಿ ಊರಿಗೆ ಹೆಸರಿಡುವ ಸಂದರ್ಭ ಬಂದಾಗ, ಮೊಗಲನಿರುವ ಊರು ದೆಹಲಿಯೇ ಆಗಬೇಕಲ್ಲ ಎಂದು ಅದೇ ಹೆಸರನ್ನು ಇಟ್ಟರು. ಆ ಇಸವಿಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹತ್ತೇ ವರ್ಷಗಳ ಹಿಂದೆ, 1788ರಲ್ಲಿ, ನಿಜವಾದ ದೆಹಲಿಯ ಕೆಂಪುಕೋಟೆಯೊಳಗೆ ರೋಹಿಲ್ಲಾ ಸರದಾರ ಗುಲಾಮ್ ಖಾದಿರ್ ನಿಜವಾದ ಮೊಗಲ ಬಾದಶಹ ಎರಡನೇ ಷಾ ಆಲಮ್‌ನ ಕಣ್ಣುಗಳನ್ನು ಕಿತ್ತಿದ್ದ. 1798ರ ಹೊತ್ತಿಗೆ ಆ ಕುರುಡು ಮುದುಕ ಸಿಂಧಿಯಾಗಳ ರಕ್ಷಣೆಯಲ್ಲಿ ಹೆಸರಿಗಷ್ಟೇ ಬಾದಶಹನಾಗಿ ಕೂತಿದ್ದ. ಮರುವರ್ಷವೇ ಶ್ರೀರಂಗಪಟ್ಟಣ ಬಿದ್ದಿತು. ಐದು ವರ್ಷಕ್ಕೆ ದೆಹಲಿಯೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮೊಗಲ ಎಂಬ ಮಾತಿಗೆ ಇಲ್ಲಿ ಉಸಿರು ಕಟ್ಟುತ್ತಿದ್ದ ಹೊತ್ತಿನಲ್ಲೇ, ಸಾವಿರಾರು ಮೈಲಿ ಆಚೆ ಒಂದು ಬೆಟ್ಟದೂರಿನಲ್ಲಿ ಅದು ವೈಭವದ ಮಾತಾಗಿ ಬೇರುಬಿಟ್ಟಿತು. ನಕ್ಷತ್ರ ಆರಿಹೋದ ಮೇಲೂ ಬೆಳಕು ಬರುತ್ತಲೇ ಇರುತ್ತದೆ ಎನ್ನುತ್ತಾರಲ್ಲ, ಊರ ಹೆಸರುಗಳಿಗೂ ಅಂಥದೊಂದು ದೂರದ ಲೆಕ್ಕವಿದೆ.

ಕೆನಡಾದ ಒಂಟಾರಿಯೊದಲ್ಲಿ, ಹೊಗೆಸೊಪ್ಪಿನ ಬೆಳೆಗೆ ಹೆಸರಾದ ಬಯಲಿನಲ್ಲಿ, ಇನ್ನೊಂದು ಡೆಲ್‌ಹೈ ಇದೆ. ಅದನ್ನೂ ಹಾಗೆಯೇ ಕರೆಯುತ್ತಾರೆ. ಅಮೆರಿಕದಲ್ಲಿ ಇಂಥವು ಬೇಕಾದಷ್ಟು. ಈಜಿಪ್ಟಿನ ಕೈರೋ, ಇಲಿನಾಯ್ ರಾಜ್ಯದಲ್ಲಿ ಒಹಾಯೊ ನದಿ ಮಿಸಿಸಿಪ್ಪಿಯನ್ನು ಕೂಡುವ ಜಾಗದಲ್ಲಿ ‘ಕೇರೋ’ ಆಗಿದೆ. ಫ್ರಾನ್ಸಿನ ಅರಮನೆಯೂರು ವೆರ್ಸಾಯ್ ಕೆಂಟಕಿಯಲ್ಲಿ ‘ವರ್‌ಸೇಲ್ಸ್’. ಪೆರು ದೇಶದ ಲೀಮಾ ಒಹಾಯೊದಲ್ಲಿ ‘ಲೈಮಾ’. ಅಲ್ಲಿನ ಜೌಗು ನೆಲದಲ್ಲಿ ಚಳಿಜ್ವರ ಹೆಚ್ಚು, ಅದಕ್ಕೆ ಮದ್ದಾದ ಕ್ವಿನೈನು ಪೆರುವಿನಿಂದ ಬರುತ್ತಿತ್ತು, ಆ ಋಣಕ್ಕೆ ಈ ಹೆಸರು ಎಂಬುದು ಅಲ್ಲಿಯವರ ಮಾತು.

ಹೀಗೇಕೆ ಆಯಿತು ಎಂಬುದು ಊಹಿಸಲಾಗದ ವಿಷಯವೇನಲ್ಲ. ಕಾಡು ಕಡಿದು ಊರು ಕಟ್ಟುತ್ತಿದ್ದ ಆ ಜನರಲ್ಲಿ ಹೆಚ್ಚಿನವರು ದೆಹಲಿಯನ್ನು ಕಂಡವರಲ್ಲ, ಕೈರೋದವರೊಡನೆ ಮಾತಾಡಿದವರೂ ಅಲ್ಲ. ಪತ್ರಿಕೆಯಲ್ಲಿ, ಪುಸ್ತಕದಲ್ಲಿ, ಭೂಪಟದಲ್ಲಿ ಅವರ ಕಣ್ಣಿಗೆ ಬಿದ್ದ ಹೆಸರುಗಳಿವು. ಕಣ್ಣಿನಿಂದ ಬಂದದ್ದನ್ನು ಬಾಯಿ ತನಗೆ ತಿಳಿದಂತೆ ಉಚ್ಚರಿಸಿತು. ಇಂಗ್ಲಿಷ್ ಲಿಪಿಗೆ ಉಚ್ಚಾರದ ಕಟ್ಟುಪಾಡು ಸಡಿಲ, ಹಾಗಾಗಿ ಯಾರೂ ತಡೆಯಲಿಲ್ಲ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಆ ‘ತಪ್ಪು’ ಉಚ್ಚಾರವೇ ಊರಿನವರ ಗುರುತಾಯಿತು. ಡೆಲ್‌ಹೈಯಲ್ಲಿ ಹುಟ್ಟಿದವಳ ಕಿವಿಗೆ ಅದೇ ಸರಿ. ನನ್ನ ಅಭಿಪ್ರಾಯವೂ ಅದೇ. ಊರಿನ ಹೆಸರು ಊರಿನವರ ನಾಲಿಗೆಗೆ ಸೇರಿದ್ದು. ಎಲ್ಲಿಂದ ಬಂತು ಎಂಬುದು ಆಮೇಲಿನ ಮಾತು. ಕನ್ನಡದಲ್ಲಿ ಬರೆಯುವಾಗ ಡೆಲ್‌ಹೈ, ಕೇರೋ, ಲೈಮಾ ಎಂದು ಬರೆದರೆ ಅದು ಆ ಜನರಿಗೆ ನಾವು ಕೊಡುವ ಮರ್ಯಾದೆ.

ಮದರಾಸಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಮದರಾಸು ಎಂದೇ ಬರೆಯುತ್ತೇನೆ, ನಮ್ಮ ಹಿರಿಯರ ಬಾಯಲ್ಲಿ ಅದು ಹಾಗೇ ಇದ್ದದ್ದು. 1953ರವರೆಗೆ ಬಳ್ಳಾರಿ ಸೀಮೆಯವರಿಗೆ, 1956ರವರೆಗೆ ದಕ್ಷಿಣ ಕನ್ನಡದವರಿಗೆ ಅದೇ ರಾಜಧಾನಿ. ದೊಡ್ಡ ಮೊಕದ್ದಮೆ ಮದರಾಸಿಗೆ ಹೋಗಬೇಕು, ದೊಡ್ಡ ಓದಿಗೂ ಮದರಾಸಿಗೇ ಹೋಗಬೇಕು. ಆ ಹೆಸರು ಅಮೆರಿಕದ ಪಶ್ಚಿಮ ಕಡೆ, ಆರೆಗಾನ್ ರಾಜ್ಯದ ಒಣ ಪ್ರಸ್ಥಭೂಮಿಯ ಒಂದು ಸಣ್ಣ ಊರಿಗೆ ಹೋಗಿ ಕೂತಿದೆ. ಅಲ್ಲಿಯವರು ಮೊದಲಕ್ಷರಕ್ಕೆ ಒತ್ತು ಕೊಟ್ಟು ‘ಮ್ಯಾಡ್ರಸ್’ ಎನ್ನುತ್ತಾರೆ.

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳು. ಊರಿಗೆ ಅಂಚೆ ಕಚೇರಿ ಬೇಕಾಗಿತ್ತು. ಅಮೆರಿಕದಲ್ಲಿ ಆಗ ಊರಿಗೆ ಹೆಸರು ಗಟ್ಟಿಯಾಗುತ್ತಿದ್ದದ್ದು ಅಂಚೆ ಇಲಾಖೆ ಒಪ್ಪಿದಾಗ. ಒಂದು ರಾಜ್ಯದೊಳಗೆ ಒಂದೇ ಹೆಸರಿನ, ಅಥವಾ ಕೇಳಲು ಒಂದೇ ಎನಿಸುವ ಹೆಸರಿನ ಎರಡು ಅಂಚೆ ಕಚೇರಿಗಳಿದ್ದರೆ ಪತ್ರಗಳು ದಾರಿ ತಪ್ಪುತ್ತವೆ. ಅದನ್ನು ತಪ್ಪಿಸಲು ಇಲಾಖೆ ಹೆಸರುಗಳನ್ನು ತಿರಸ್ಕರಿಸುತ್ತಿತ್ತು. ನಮ್ಮ ಅಜ್ಜಿಯ ‘ಯಾವ ಹೊಸಹಳ್ಳಿ’ ಎಂಬ ಪ್ರಶ್ನೆಯನ್ನು ಅಲ್ಲಿ ಸರ್ಕಾರವೇ ಕೇಳುತ್ತಿತ್ತು ಎನ್ನಿ. ಊರಿನವರು ಮೊದಲು ಸೂಚಿಸಿದ ಹೆಸರು ಇದೇ ಕಾರಣಕ್ಕೆ ಬಿದ್ದುಹೋಯಿತು. ಆಮೇಲೆ ‘ಮ್ಯಾಡ್ರಸ್’ ಎಂಬುದು ಹೇಗೆ ಬಂತೆಂಬುದಕ್ಕೆ ಅಲ್ಲಿ ಹೇಳುವ ಕಥೆ ಇದು: ಅಂಗಡಿಯಲ್ಲಿ ಇಟ್ಟಿದ್ದ ಬಟ್ಟೆಯ ಥಾನಿನ ಮೇಲೆ ಅಚ್ಚಾಗಿದ್ದ ಪದ ಒಬ್ಬರ ಕಣ್ಣಿಗೆ ಬಿತ್ತು, ಅದನ್ನೇ ಆರಿಸಿಕೊಂಡರು. ಮದರಾಸು ಚೌಕುಳಿಯ ಹತ್ತಿ ಬಟ್ಟೆ ಆಗ ಅಮೆರಿಕದಲ್ಲಿ ಓಡುತ್ತಿದ್ದ ಮಾಲು. ನೇರವಾಗಿ ಭಾರತದ ಊರಿನ ಹೆಸರನ್ನೇ ಇಟ್ಟರು ಎನ್ನುವವರೂ ಇದ್ದಾರೆ. ನನಗಂತೂ ಬಟ್ಟೆಯ ಕಥೆಯನ್ನು ನಂಬಲು ಮನಸ್ಸು. ಮದರಾಸು ಹುಟ್ಟಿದ್ದೂ ಬಟ್ಟೆಯಿಂದಲೇ. 1639ರಲ್ಲಿ ಇಂಗ್ಲಿಷ್ ಕಂಪನಿ ಆ ಮರಳು ದಂಡೆಯಲ್ಲಿ ಜಾಗ ಪಡೆದದ್ದು, ಕೋಟೆ ಕಟ್ಟಿದ್ದು, ಕರಾವಳಿಯ ನೇಕಾರರ ಹತ್ತಿ ಬಟ್ಟೆ ಕೊಂಡು ಸಾಗಿಸುವುದಕ್ಕೆ. ಮಗ್ಗದ ಮುಂದೆ ಕೂತು ಲಾಳಿ ಎಸೆಯುತ್ತಿದ್ದ ಒಬ್ಬ ನೇಕಾರನಿಗೆ ತನ್ನ ಬಟ್ಟೆಯ ಅಂಚಿನಿಂದ ಭೂಮಿಯ ಆ ಬದಿಯ ಊರೊಂದಕ್ಕೆ ನಾಮಕರಣವಾದೀತು ಎಂದು ಹೇಗೆ ಗೊತ್ತಾಗಬೇಕು?

ಕೆಲವು ಸಾವಿರ ಜನರ ಆ ಮ್ಯಾಡ್ರಸ್‌ಗೆ 2017ರ ಆಗಸ್ಟ್ 21ರಂದು ಲಕ್ಷದ ಹತ್ತಿರ ಜನ ಬಂದಿಳಿದರು ಎಂದು ಅಂದಾಜು. ಅಂದು ಖಗ್ರಾಸ ಸೂರ್ಯಗ್ರಹಣ. ನೆರಳಿನ ದಾರಿ ಸರಿಯಾಗಿ ಆ ಊರಿನ ಮೇಲೆ ಹಾದುಹೋಗುತ್ತಿತ್ತು, ಅಲ್ಲಿ ಬೇಸಿಗೆಯಲ್ಲಿ ಮೋಡ ಕಡಿಮೆ. ಬೆಳಿಗ್ಗೆ 10 ಗಂಟೆ 19 ನಿಮಿಷಕ್ಕೆ ಹಗಲು ಆರಿತು. ಎರಡು ನಿಮಿಷದ ಮೇಲೆ ಮತ್ತೆ ಬೆಳಗಾಯಿತು. ಆ ಹೊತ್ತಿಗೆ ನಮ್ಮಲ್ಲಿ ರಾತ್ರಿ 10 ಗಂಟೆ 49 ನಿಮಿಷ. ಇನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ ಇಲ್ಲಿ ಆಗಸ್ಟ್ 22 ಹುಟ್ಟಬೇಕು. ಅದು ಚೆನ್ನೈನವರು ‘ಮದ್ರಾಸ್ ದಿನ’ ಎಂದು ಆಚರಿಸುವ ದಿನ, ಕಂಪನಿಗೆ ಆ ಜಾಗ ಸಿಕ್ಕ ದಿನ. ಒಂದು ಮದರಾಸಿನಲ್ಲಿ ಸೂರ್ಯ ಮರೆಯಾಗಿ ಮರಳುವಾಗ ಇನ್ನೊಂದು ಮದರಾಸು ತನ್ನ ಹುಟ್ಟುಹಬ್ಬದ ಬಾಗಿಲಲ್ಲಿತ್ತು. ಈ ಲೆಕ್ಕ ಹಾಕಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹುಟ್ಟೂರು 1996ರಲ್ಲೇ ಆ ಹೆಸರು ಬಿಟ್ಟು ಚೆನ್ನೈ ಆಯಿತು. ಅದಕ್ಕೆ ಒಂದು ವರ್ಷ ಮುಂಚೆ ಬೊಂಬಾಯಿ ಮುಂಬೈ ಆಗಿತ್ತು, 2001ರಲ್ಲಿ ಕಲ್ಕತ್ತ ಕೋಲ್ಕತಾ ಆಯಿತು. ಆದರೆ ಆರೆಗಾನ್‌ನ ಮ್ಯಾಡ್ರಸ್ ಹಾಗೇ ಇದೆ. ಒಹಾಯೊದಲ್ಲಿ ಕ್ಯಾಲ್ಕಟ ಎಂಬ ಊರು ಹಾಗೇ ಇದೆ. ಕೆನಡಾದ ಗಡಿಗೆ ಒತ್ತಿಕೊಂಡಂತೆ ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿ ಬಾಂಬೆ ಇದೆ. 1833ರಲ್ಲಿ ಅದು ಪ್ರತ್ಯೇಕ ಊರಾದಾಗ ಆ ಹೆಸರು ಬಂದದ್ದು ಮೈಕೇಲ್ ಹೋಗನ್ ಎಂಬ ಹಡಗಿನ ವ್ಯಾಪಾರಿಯ ನೆನಪಿನಿಂದ. ಅವನ ಹೆಂಡತಿ ಬೊಂಬಾಯಿಯಿಂದ ಬಂದವಳು. ಹಿಮ ಬೀಳುವ ಆ ಗಡಿಯಲ್ಲಿ ಆಕೆಗೆ ಅರಬ್ಬೀ ಸಮುದ್ರದ ಗಾಳಿ ಎಷ್ಟು ಸಲ ನೆನಪಾಗಿರಬೇಕು. ಊರಿನ ಹೆಸರಾಗಿ ಉಳಿದದ್ದು ಆ ನೆನಪು. ಬೊಂಬಾಯಿ ಎಂಬ ಹೆಸರು ಬೊಂಬಾಯಿಯಲ್ಲೇ ಅಧಿಕೃತವಾಗಿ ಇಲ್ಲದ ಈ ಕಾಲದಲ್ಲಿ ಅಲ್ಲಿನ ರಸ್ತೆ ಫಲಕಗಳಲ್ಲಿ ಅದು ಇದೆ.

ಎಲ್ಲ ಹೆಸರೂ ಇಂಥ ಪ್ರೀತಿಯಿಂದ ಹೋದದ್ದಲ್ಲ. ಒಂಟಾರಿಯೊದಲ್ಲಿ ಲಕ್ನೋ ಎಂಬ ಹಳ್ಳಿಯಿದೆ. 1857ರಲ್ಲಿ ನಮ್ಮ ಲಕ್ನೋದಲ್ಲಿ ಬಂಡೆದ್ದವರು ಬ್ರಿಟಿಷರ ರೆಸಿಡೆನ್ಸಿಯನ್ನು ತಿಂಗಳುಗಟ್ಟಲೆ ಮುತ್ತಿದ ಸುದ್ದಿ, ಮುತ್ತಿಗೆ ಬಿಡಿಸಿದ ಸೇನಾನಿಗಳ ಸುದ್ದಿ ಅಲ್ಲಿಯ ವಲಸಿಗರ ಪತ್ರಿಕೆಗಳನ್ನು ತುಂಬಿದ್ದವು. ಅದೇ ಬಿಸಿಯಲ್ಲಿ ಹುಟ್ಟಿದ ಊರಿಗೆ ಆ ಹೆಸರು ಬಿತ್ತು; ಬೀದಿಗಳಿಗೆ ಕ್ಯಾಂಬೆಲ್, ಹ್ಯಾವ್‌ಲಾಕ್, ಔಟ್ರಮ್ ಎಂದು ಆ ಸೇನಾನಿಗಳದೇ ಹೆಸರು. ನಮಗೆ ಸ್ವಾತಂತ್ರ್ಯದ ಹೋರಾಟವಾಗಿದ್ದು ಅಲ್ಲಿ ಗೆಲುವಿನ ನೆನಪಾಗಿ ಬೀದಿ ಬೀದಿಯಲ್ಲಿ ನಿಂತಿದೆ. ಅದೇ ಹ್ಯಾವ್‌ಲಾಕ್‌ನ ಹೆಸರಿದ್ದ ಅಂಡಮಾನಿನ ದ್ವೀಪಕ್ಕೆ 2018ರ ಕೊನೆಯಲ್ಲಿ ನಾವು ಸ್ವರಾಜ್ ದ್ವೀಪ ಎಂದು ಹೆಸರಿಟ್ಟೆವು. ಒಂಟಾರಿಯೊದ ಆ ಹಳ್ಳಿಯ ಬೀದಿಯಲ್ಲಿ ಇಂದು ಸೈಕಲ್ ತುಳಿಯುವ ಮಗುವಿಗೆ ಇದರ ಹೊರೆ ಬೇಡ. ಆದರೆ ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದವರು ಆ ಫಲಕಗಳನ್ನು ಓದುವಾಗ ಒಂದು ಕ್ಷಣ ನಿಂತರೆ, ನಿಲ್ಲಬೇಕಾದದ್ದೇ.

ಹೆಸರು ಊರಿನಿಂದ ಊರಿಗೆ ನೇರ ಹೋಗದೆ ಮನುಷ್ಯನ ಬಿರುದಾಗಿ ಹೋಗುವುದೂ ಉಂಟು. ಆಸ್ಟ್ರೇಲಿಯದ ಸಿಡ್ನಿ ಯಾರಿಗೆ ಗೊತ್ತಿಲ್ಲ? ಕೆನಡಾದ ನೋವಾ ಸ್ಕೋಶಿಯಾದಲ್ಲೂ ಒಂದು ಸಿಡ್ನಿಯಿದೆ, ಅದೇ ಹಿರಿಯಕ್ಕ. ಅದು 1785ರಲ್ಲಿ ಹುಟ್ಟಿತು, ಆಸ್ಟ್ರೇಲಿಯದ್ದು 1788ರಲ್ಲಿ. ಎರಡಕ್ಕೂ ಹೆಸರು ಕೊಟ್ಟವನು ಬ್ರಿಟನ್ನಿನ ಗೃಹಮಂತ್ರಿಯಾಗಿದ್ದ ಲಾರ್ಡ್ ಸಿಡ್ನಿ. ವಸಾಹತುಗಳ ಆಡಳಿತ ಅವನ ಕೈಯಲ್ಲಿತ್ತು, ಅಧಿಕಾರಿಗಳು ಒಡೆಯನ ಹೆಸರಿಟ್ಟರು. ಒಬ್ಬನೇ ಮನುಷ್ಯನ ಹೆಸರು ಭೂಮಿಯ ಎರಡು ಕೊನೆಗಳಲ್ಲಿ ನೆಟ್ಟದ್ದರ ಫಲ ಇಂದಿಗೂ ಪ್ರಯಾಣಿಕರ ತಲೆಗೆ ಬರುತ್ತದೆ. 2017ರಲ್ಲಿ ನೆದರ್ಲೆಂಡಿನ 18 ವರ್ಷದ ವಿದ್ಯಾರ್ಥಿಯೊಬ್ಬ ಕಡಿಮೆ ದರದ ಟಿಕೆಟ್ ಸಿಕ್ಕಿತೆಂದು ಸಿಡ್ನಿಗೆ ಹೊರಟ. ಟೊರಾಂಟೊದಲ್ಲಿ ವಿಮಾನ ಬದಲಿಸುವಾಗ ಮುಂದಿನ ವಿಮಾನ ತೀರಾ ಚಿಕ್ಕದಿರುವುದನ್ನು ನೋಡಿದ. ಇಷ್ಟು ಚಿಕ್ಕ ವಿಮಾನ ಆಸ್ಟ್ರೇಲಿಯ ಮುಟ್ಟುವುದುಂಟೇ ಎಂಬ ಅನುಮಾನ ಬಂದಾಗ ಹೊತ್ತು ಮೀರಿತ್ತು. ಬಿಸಿಲಿಗೆಂದು ಹೊರಟ ಹುಡುಗ ಹಿಮದ ಬಿರುಗಾಳಿಯ ಸಿಡ್ನಿಯಲ್ಲಿ ಇಳಿದ. 2002ರಲ್ಲಿ ಬ್ರಿಟನ್ನಿನ ಒಂದು ಎಳೆಯ ಜೋಡಿಗೂ ಹೀಗೇ ಆಗಿತ್ತು. ಅಂಥವರನ್ನು ಆ ಊರಿನವರು ಅಕ್ಕರೆಯಿಂದ ನೋಡಿಕೊಂಡದ್ದನ್ನು ಓದಿ ನನಗೆ ಸಂತೋಷವಾಯಿತು.

ಮೆಲ್ಬರ್ನ್ ಇನ್ನೂ ಉದ್ದದ ಸರಪಳಿ. ನಮ್ಮ ಪತ್ರಿಕೆಗಳ ಕ್ರಿಕೆಟ್ ಪುಟದಲ್ಲಿ ಒಂದು ದಿನ ‘ಮೆಲ್ಬರ್ನ್’, ಇನ್ನೊಂದು ದಿನ ‘ಮೆಲ್ಬೋರ್ನ್’ ಎಂದು ಇರುವುದನ್ನು ಓದುಗರು ಕಂಡಿರಬಹುದು. ಕನ್ನಡದ ಈ ಗೊಂದಲದಲ್ಲೇ ಎರಡು ಊರುಗಳಿವೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಐದಾರು ಸಾವಿರ ಜನರ ಒಂದು ಸಂತೆಯೂರು. ಅಲ್ಲಿಯವರು ಅದನ್ನು ‘ಮೆಲ್‌ಬೋರ್ನ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಗಿರಣಿಯ ಹೊಳೆ, ನೀರಿನ ಬಲದಿಂದ ಬೀಸುಕಲ್ಲು ತಿರುಗುತ್ತಿದ್ದ ತೊರೆ. ಆ ಊರಿನ ಬಂಗಲೆಯ ಒಡೆಯರಾದ ಲ್ಯಾಂಬ್ ಮನೆತನಕ್ಕೆ ‘ಲಾರ್ಡ್ ಮೆಲ್ಬೋರ್ನ್’ ಎಂಬ ಬಿರುದು ಬಂತು. ಅವರಲ್ಲೊಬ್ಬ, ವಿಲಿಯಂ ಲ್ಯಾಂಬ್, ಬ್ರಿಟನ್ನಿನ ಪ್ರಧಾನಿಯಾದ. 1837ರಲ್ಲಿ ಆಸ್ಟ್ರೇಲಿಯದ ದಕ್ಷಿಣ ತೀರದ ಹೊಸ ನೆಲೆಗೆ ಗವರ್ನರ್ ಬರ್ಕ್ ಆ ಪ್ರಧಾನಿಯ ಹೆಸರಿಟ್ಟ. ಅಲ್ಲಿಯ ನಾಲಿಗೆಯಲ್ಲಿ ಅದು ಕುಗ್ಗಿ ‘ಮೆಲ್ಬನ್’ ಆಯಿತು. ಅಲ್ಲಿಗೂ ನಿಲ್ಲಲಿಲ್ಲ. ಆಸ್ಟ್ರೇಲಿಯದ ಆ ನಗರದಲ್ಲಿ ವರ್ಷಗಟ್ಟಲೆ ಇದ್ದು ಅಮೆರಿಕದ ಫ್ಲೋರಿಡಾಕ್ಕೆ ಬಂದ ಕಾರ್ನ್‌ತ್ವೇಟ್ ಜಾನ್ ಹೆಕ್ಟರ್ ಎಂಬ ಇಂಗ್ಲಿಷಿನವನು ಅಲ್ಲಿ ಒಂದು ಹೊಸ ಊರಿನ ಮೊದಲ ಅಂಚೆ ಮಾಸ್ತರನಾದ. ಆ ಊರಿಗೂ ಮೆಲ್ಬರ್ನ್ ಎಂದೇ ಹೆಸರಾಯಿತು. ಫ್ಲೋರಿಡಾದವರು ಹೆಸರು ಪಡೆದದ್ದು ಆಸ್ಟ್ರೇಲಿಯದಿಂದ, ಆಸ್ಟ್ರೇಲಿಯದವರು ಒಬ್ಬ ಪ್ರಧಾನಿಯಿಂದ, ಪ್ರಧಾನಿ ತನ್ನ ಮನೆತನದ ಬಂಗಲೆಯಿಂದ, ಬಂಗಲೆ ಒಂದು ತೊರೆಯಿಂದ. ಇನ್ನೊಂದು ಮಾತು ಹೇಳದೆ ಇರಲಾರೆ. ಜನರನ್ನು ಗುಂಪಾಗಿ ಪ್ರವಾಸಕ್ಕೆ ಕರೆದೊಯ್ಯುವ ಉದ್ಯಮವನ್ನು ಕಟ್ಟಿದ ಥಾಮಸ್ ಕುಕ್ 1808ರಲ್ಲಿ ಹುಟ್ಟಿದ್ದು ಡರ್ಬಿಶೈರ್‌ನ ಅದೇ ಪುಟ್ಟ ಮೆಲ್ಬೋರ್ನ್‌ನಲ್ಲಿ.

ಇಲ್ಲಿಯವರೆಗೆ ಹೇಳಿದ್ದು ನೆಂಟಸ್ತಿಕೆಯುಳ್ಳ ಹೆಸರುಗಳ ಮಾತು. ಬರೆದರೆ ಒಂದು, ಕರೆದರೆ ಬೇರೆ. ಇದಕ್ಕೆ ತಿರುಗುಮುರುಗಾದದ್ದೂ ಇದೆ. ತಮಿಳುನಾಡಿನ ಸೇಲಂ, ನಮಗೆ ಮಾವಿನಿಂದ, ಉಕ್ಕಿನಿಂದ ಪರಿಚಿತವಾದ ಪಕ್ಕದ ಊರು. ಬೆಟ್ಟಗಳು ಸುತ್ತುವರಿದಿರುವುದರಿಂದ ‘ಶೈಲ’ದಿಂದ ಬಂದ ಹೆಸರು ಎನ್ನುವವರಿದ್ದಾರೆ, ಚೇರರಿಂದ ಬಂತು ಎನ್ನುವವರೂ ಇದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಡಲತೀರದ ಸೇಲಂ ಬೈಬಲಿನ ಹೆಸರು, ಶಾಂತಿ ಎಂಬ ಅರ್ಥದ ಹೀಬ್ರೂ ಮಾತಿಗೆ ಸಂಬಂಧಿಸಿದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಇಂಗ್ಲಿಷಿನಲ್ಲೂ ಒಂದೇ, ಕನ್ನಡದಲ್ಲೂ ಒಂದೇ, ಕಿವಿಗೂ ಹೆಚ್ಚುಕಡಿಮೆ ಒಂದೇ. ಅಮೆರಿಕದ ಸೇಲಂನ ಹಡಗುಗಳು ಹಿಂದೂಸ್ಥಾನದ ಬಂದರುಗಳಿಗೆ ವ್ಯಾಪಾರಕ್ಕೆ ಬರುತ್ತಿದ್ದವು. ಆ ಕಪ್ತಾನರು 1799ರಲ್ಲಿ ಒಂದು ಸಂಘ ಕಟ್ಟಿಕೊಂಡು, ತಂದ ಅಪರೂಪದ ವಸ್ತುಗಳನ್ನು ಕೂಡಿಟ್ಟರು. ಅದೇ ಬೆಳೆದು ಇಂದಿನ ದೊಡ್ಡ ವಸ್ತುಸಂಗ್ರಹಾಲಯವಾಗಿದೆ.

ಹಡಗೂ ಇಲ್ಲದೆ, ಅಂಚೆ ಮಾಸ್ತರೂ ಇಲ್ಲದೆ ಹರಡಿದ ಹೆಸರುಗಳು ನಮ್ಮ ಕಡೆ ಇವೆ. ಉತ್ತರ ಕನ್ನಡದ ಗೋಕರ್ಣಕ್ಕೆ ಹೋದವರು ಮಹಾಬಲೇಶ್ವರನ ದರ್ಶನ ಮಾಡಿ, ಕಡಲಲ್ಲಿ ಮುಳುಗೆದ್ದು, ಹಿರಿಯರಿಗೆ ಪಿಂಡ ಬಿಟ್ಟು ಬರುತ್ತಾರೆ. ನಮ್ಮ ತಂದೆಯ ಕಾರ್ಯವನ್ನು ನಾನು ಅಲ್ಲೇ ಮಾಡಿದ್ದು. ಒದ್ದೆ ಪಂಚೆಯಲ್ಲಿ ಕೂತು ದರ್ಭೆಯ ಪವಿತ್ರ ಬೆರಳಿಗೆ ಹಾಕಿಕೊಂಡಾಗ ಅದು ಸ್ವಲ್ಪ ಚುಚ್ಚುತ್ತಿತ್ತು. ಎಳ್ಳು ನೀರು ಕೈಯಿಂದ ಜಾರುತ್ತಿದ್ದದ್ದು ಇನ್ನೂ ನೆನಪಿದೆ. ಬಹಳ ವರ್ಷಗಳ ಮೇಲೆ ತಿಳಿಯಿತು, ನೇಪಾಳದಲ್ಲೂ ಒಂದು ಗೋಕರ್ಣವಿದೆ. ಕಠ್ಮಂಡು ಕಣಿವೆಯಲ್ಲಿ ಬಾಗ್ಮತಿ ನದಿಯ ದಂಡೆಯ ಮೇಲೆ, ಗೋಕರ್ಣೇಶ್ವರ ಮಹಾದೇವನ ಮೂರಂತಸ್ತಿನ ಮಾಡಿನ ಹಳೆಯ ಗುಡಿ. ಗಣೇಶನ ಹಬ್ಬಕ್ಕೆ ಕೆಲವೇ ದಿನ ಮುಂಚೆ ಬರುವ ಅಮಾವಾಸ್ಯೆಯನ್ನು ಅಲ್ಲಿ ‘ಗೋಕರ್ಣ ಔಂಸಿ’ ಎನ್ನುತ್ತಾರೆ. ಆ ದಿನ ತಂದೆಯನ್ನು ಕಳೆದುಕೊಂಡ ಮಕ್ಕಳು ಆ ನದಿಯಲ್ಲಿ ಮಿಂದು, ದರ್ಭೆ ಹಿಡಿದು, ಪಿಂಡ ಬಿಡುತ್ತಾರೆ. ತಂದೆ ಬದುಕಿರುವವರು ಸಿಹಿ ಕೊಂಡುಹೋಗಿ ಅವರ ಕಾಲಿಗೆ ಬೀಳುತ್ತಾರೆ. ಈ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಯಾವ ಅನುಮಾನವೂ ಇಲ್ಲ. ಗೋಕರ್ಣ, ಅಲ್ಲೂ ಗೋಕರ್ಣ, ಇಲ್ಲೂ ಗೋಕರ್ಣ. ಹೆಸರಿನ ಜೊತೆಗೆ ಆಚರಣೆಯೂ, ದುಃಖವೂ ನಡೆದುಕೊಂಡೇ ಹೋಗಿವೆ.

ಅಕ್ಷರ ಬೇರೆ, ಉಚ್ಚಾರ ಬೇರೆ, ಅರ್ಥ ಮಾತ್ರ ಒಂದೇ ಆದ ಊರುಗಳೂ ತಮ್ಮನ್ನು ತಾವು ಒಂದೇ ಹೆಸರಿನವರೆಂದು ತಿಳಿಯುತ್ತವೆ. 1998ರಲ್ಲಿ ಜಪಾನಿನ ಐಚಿ ಪ್ರಾಂತ್ಯದ ಶಿನ್‌ಶಿರೊ ಎಂಬ ಊರು ಒಂದು ಸಮಾವೇಶ ಕರೆಯಿತು. ‘ಶಿನ್’ ಎಂದರೆ ಹೊಸ, ‘ಶಿರೊ’ ಎಂದರೆ ಕೋಟೆ. ಲೋಕದಲ್ಲಿ ಇದೇ ಅರ್ಥದ ಹೆಸರುಳ್ಳ ಊರುಗಳೆಲ್ಲ ಬನ್ನಿ ಎಂಬುದು ಅವರ ಕರೆ. ಆ ಬಳಗದಲ್ಲಿ ಈಗ ಇಂಗ್ಲೆಂಡಿನ ನ್ಯೂಕ್ಯಾಸಲ್-ಅಂಡರ್-ಲೈಮ್ ಇದೆ, ಅಮೆರಿಕದ ಇಂಡಿಯಾನಾ ಮತ್ತು ಪೆನ್ಸಿಲ್ವೇನಿಯಾಗಳ ನ್ಯೂಕ್ಯಾಸಲ್‌ಗಳಿವೆ, ದಕ್ಷಿಣ ಆಫ್ರಿಕದ್ದಿದೆ. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್, ಜರ್ಮನಿಯ ನಾಯ್‌ಬುರ್ಗ್, ಚೆಕ್ ದೇಶದ ನೊವೇ ಹ್ರಾದಿ, ಲಾಟ್ವಿಯಾದ ಯೌನ್‌ಪಿಲ್ಸ್ ಇವೆ. ಎಲ್ಲಕ್ಕೂ ಅರ್ಥ ಹೊಸ ಕೋಟೆ. ಅದರಲ್ಲಿ ‘ಹೊಸ’ ಎಂಬ ಮಾತಿನ ವಯಸ್ಸು ನೋಡಿ: ನ್ಯೂಷಾಟೆಲ್‌ನ ಹೆಸರು 1011ರ ದಾಖಲೆಯಲ್ಲೇ ಇದೆ, 2011ರಲ್ಲಿ ಅವರು ಹೊಸ ಕೋಟೆಯ ಸಾವಿರ ವರ್ಷವನ್ನು ಆಚರಿಸಿದರು.

ಆ ಪಟ್ಟಿಯನ್ನು ಓದಿದ ದಿನ ನನ್ನ ಮನಸ್ಸು ಎಲ್ಲಿಗೆ ಹೋಯಿತೆಂದು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಿಂದ ಕೋಲಾರದ ದಾರಿ ಹಿಡಿದರೆ ಸಿಗುವ ನಮ್ಮ ಹೊಸಕೋಟೆ. ಶಿನ್‌ಶಿರೊ ಕೋಟೆಯನ್ನು ಕಟ್ಟಿದ್ದು 1576ರಲ್ಲಿ. ಅದರ ಹಿಂದಿನ ವರ್ಷ ನಾಗಶಿನೊ ಕೋಟೆಯನ್ನು ಮುತ್ತಿಗೆಯಿಂದ ಕಾಪಾಡಿದ ಒಕುದಾಯಿರಾ ಎಂಬ ಸರದಾರ, ಆ ಹಳೆಯ ಕೋಟೆ ಬಿಟ್ಟು ಇದನ್ನು ಕಟ್ಟಿಸಿದ. ನಮ್ಮ ಹೊಸಕೋಟೆಯನ್ನು ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಕಟ್ಟಿಸಿದ್ದು ಸುಮಾರು 1595ರಲ್ಲಿ, ಕೋಲಾರದ ಹಳೆಯ ಕೋಟೆಗೆ ಇದು ಹೊಸದು ಎಂದು ಈ ಹೆಸರು. ಇಪ್ಪತ್ತು ವರ್ಷಗಳ ಅಂತರದಲ್ಲಿ, ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ, ಜಪಾನಿನ ಒಬ್ಬ ಸರದಾರನೂ ಸುಗಟೂರಿನ ಒಬ್ಬ ಗೌಡನೂ ತಮ್ಮ ತಮ್ಮ ಭಾಷೆಯಲ್ಲಿ ಒಂದೇ ಹೆಸರನ್ನು ನುಡಿದಿದ್ದರು. ಆ ಬಳಗದ ಪಂಕ್ತಿಯಲ್ಲಿ ಕೂರುವ ಪೂರ್ತಿ ಹಕ್ಕು ಹೊಸಕೋಟೆಗಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಊರಿನ ಹಿರಿಯರು, ಪುರಸಭೆ-ನಗರಸಭೆಯವರು ಒಂದು ಪತ್ರ ಬರೆದರೂ ಸಾಕು.

ಹೋದ ತಿಂಗಳು ಕೋಲಾರಕ್ಕೆ ಹೋಗುವಾಗ ನಸುಕಿನಲ್ಲೇ ಹೊಸಕೋಟೆಯಲ್ಲಿ ಇಳಿದೆ. ಹೆದ್ದಾರಿಯ ಬದಿಯಲ್ಲಿ ಆಗಲೇ ಬಿರಿಯಾನಿಗೆ ಬೆಂಗಳೂರಿನಿಂದ ಬಂದ ಕಾರುಗಳು ಸಾಲಾಗಿ ನಿಂತಿದ್ದವು. ನಾನು ಊರೊಳಗೆ ನಡೆದೆ. ಅವಿಮುಕ್ತೇಶ್ವರ ದೇವಸ್ಥಾನದ ಕಡೆಗೆ ಹೋಗುವ ಬೀದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಗೋಣಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ‘ಅಮ್ಮಾ, ಈ ಊರಿನ ಕೋಟೆ ಎಲ್ಲಿದೆ?’ ಎಂದು ಕೇಳಿದೆ. ಅವರು ದಾರವನ್ನು ಹಲ್ಲಿನಲ್ಲಿ ಹಿಡಿದು ತುಂಡರಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

‘ನೀವ್ ನಿಂತಿರೋದೇ ಕೋಟೇಲಿ ಅಲ್ವೇನಪ್ಪಾ’ ಎಂದರು.